ಎಳೆಯರ ಇಂಗ್ಲಿಷ್ ಮತ್ತು ಅಧ್ಯಾಪಕರ ತರಬೇತಿ: ಎರಡು ಗ್ರಂಥಗಳ ಪರಾಮರ್ಶೆ

೧

ಜೂನ್ ತಿಂಗಳಲ್ಲಿ ಶಾಲೆ ತೆರೆಯುವಾಗ ಗಡಿನಾಡಿನ ಕನ್ನಡ ಶಾಲೆಯ ಉಪಾಧ್ಯಾಯರು ಎದುರಿಸುವ ಪ್ರಶ್ನೆಯೊಂದುಂಟು. ಮಗುವನ್ನು ಸೇರಿಸಬೇಕೆಂದು ಬಂದ ತಾಯಿಯೋ ತಂದೆಯೋ ಬಾಗಿಲಲ್ಲಿ ನಿಂತು, "ಮಾಷ್ಟ್ರೇ, ಇಲ್ಲಿ ಇಂಗ್ಲಿಷ್ ಸರಿಯಾಗಿ ಕಲಿಸ್ತೀರಾ?" ಎಂದು ಕೇಳುತ್ತಾರೆ. ಕನ್ನಡ ಸರಿಯಾಗಿ ಕಲಿಸುತ್ತೀರಾ ಎಂದು ಕೇಳುವವರು ವಿರಳ. ಈ ಪ್ರಶ್ನೆಗೆ ನಾವು ಕೊಡುವ ಉತ್ತರದ ಮೇಲೆ ಹಾಜರಿ ಪುಸ್ತಕದ ಉದ್ದ ನಿಂತಿದೆ. ಹತ್ತು ಮಕ್ಕಳು ಕಡಿಮೆಯಾದರೆ ಒಂದು ಡಿವಿಜನ್ನು ಹೋಗುತ್ತದೆ. ಡಿವಿಜನ್ನು ಹೋದರೆ ಒಬ್ಬ ಉಪಾಧ್ಯಾಯರ ಸ್ಥಾನ ಹೋಗುತ್ತದೆ. ಹಾಗೆ ಹೋಗುತ್ತ ಹೋಗುತ್ತ ಒಂದು ದಿನ ಶಾಲೆಯೇ ಹೋಗುತ್ತದೆ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣ ದೊರೆಯುವಂತೆ ಮಾಡಬೇಕೆಂದು ಸಂವಿಧಾನದ ೩೫೦-ಎ ವಿಧಿಯು ಹೇಳುತ್ತದೆ. ಅದು ೧೯೫೬ರ ಏಳನೆಯ ತಿದ್ದುಪಡಿಯಿಂದ ಸೇರಿದ ವಿಧಿ. ಆದರೆ ವಿಧಿಯು ಶಾಲೆಯ ಬಾಗಿಲನ್ನು ತೆರೆದಿಡಬಲ್ಲುದೇ ಹೊರತು ಮಕ್ಕಳನ್ನು ಒಳಕ್ಕೆ ಕರೆತರಲಾರದು. ಆ ಕೆಲಸ ನಮ್ಮದು.

ಆದುದರಿಂದ ಕನ್ನಡ ಶಾಲೆಯಲ್ಲಿ ಎಳೆಯ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಅಧ್ಯಾಪಕನ ತರಬೇತಿಯ ಪ್ರಶ್ನೆಯನ್ನು ಪರರ ಮನೆಯ ವಿಚಾರವೆಂದು ಬಿಡುವಂತಿಲ್ಲ. ಕನ್ನಡವನ್ನು ಉಳಿಸಬೇಕೆಂಬ ಹಂಬಲವಿರುವವನು ಇಂಗ್ಲಿಷಿನ ಪಾಠವನ್ನೂ ಚೆನ್ನಾಗಿ ಮಾಡಬೇಕಾಗಿ ಬಂದಿರುವುದು ನಮ್ಮ ಕಾಲದ ವಿಚಿತ್ರವೆನ್ನಬೇಕು. ಮಹಾರಾಷ್ಟ್ರವು ೨೦೦೦ರಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಡ್ಡಾಯಗೊಳಿಸಿತು. ಕರ್ನಾಟಕದಲ್ಲಿ ಅದು ೨೦೦೭ರಲ್ಲಿ ಒಂದನೆಯ ತರಗತಿಗೆ ಬಂತು. ಹತ್ತು ವಯಸ್ಸಿನ ಮಗುವಿಗೆ ಕಲಿಸುತ್ತಿದ್ದುದನ್ನು ಆರು ವಯಸ್ಸಿನ ಮಗುವಿಗೆ ಕಲಿಸಬೇಕಾಯಿತು. ಮಗುವಿನ ವಯಸ್ಸು ಇಳಿದಷ್ಟು ಬೇಗನೆ ಅಧ್ಯಾಪಕನ ಸಿದ್ಧತೆ ಏರಲಿಲ್ಲ. ಈ ಅಂತರವನ್ನು ತುಂಬುವ ಉಪಾಯವೇನು ಎಂಬುದನ್ನು ಎರಡು ಗ್ರಂಥಗಳ ಆಧಾರದಿಂದ ವಿಚಾರಿಸುವುದು ಈ ಕಿರುಲೇಖನದ ಉದ್ದೇಶ. ಒಂದು, ಮೈಕೆಲ್ ವೆಸ್ಟ್ ಅವರು ೧೯೬೦ರಲ್ಲಿ ಪ್ರಕಟಿಸಿದ 'ಟೀಚಿಂಗ್ ಇಂಗ್ಲಿಷ್ ಇನ್ ಡಿಫಿಕಲ್ಟ್ ಸರ್ಕಮ್‌ಸ್ಟೆನ್ಸಸ್'. ಇನ್ನೊಂದು, ಎನ್. ಎಸ್. ಪ್ರಭು ಅವರ 'ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ'. ಇದು ೧೯೮೭ರಲ್ಲಿ ಬಂದದ್ದು. ಎರಡೂ ನಮ್ಮ ನೆಲದ ಅನುಭವದಿಂದ ಹುಟ್ಟಿದವು. ಆದರೂ ನಮ್ಮ ತರಬೇತಿ ಶಿಬಿರಗಳಲ್ಲಿ ಇವುಗಳ ಹೆಸರು ಕೇಳಿಬರುವುದು ಅಪರೂಪ.

೨

ಗ್ರಂಥಗಳಿಗೆ ಹೋಗುವ ಮೊದಲು ಒಂದು ಹಳೆಯ ಕಥೆಯನ್ನು ನೆನೆಯಬೇಕು. ಸ್ವಾತಂತ್ರ್ಯಾನಂತರದ ದಶಕದಲ್ಲಿ ಇಂಗ್ಲಿಷ್ ಬೋಧನೆಗೆ 'ಸ್ಟ್ರಕ್ಚರಲ್' ಎಂಬ ಹೊಸ ಪದ್ಧತಿ ಮದರಾಸು ರಾಜ್ಯಕ್ಕೆ ಬಂತು. ಇಂಗ್ಲಿಷಿನ ವಾಕ್ಯಗಳನ್ನು ಅಚ್ಚುಗಳಾಗಿ ವಿಂಗಡಿಸಿ, ಸುಲಭದ್ದರಿಂದ ಕಠಿನದ್ದಕ್ಕೆ ಮೆಟ್ಟಿಲು ಕಟ್ಟಿ, ಒಂದೊಂದು ಅಚ್ಚನ್ನೂ ಬಾಯಿಮಾತಿನಲ್ಲಿ ಅಭ್ಯಾಸ ಮಾಡಿಸುವುದು ಆ ಪದ್ಧತಿಯ ಸಾರ. 'ದಿಸ್ ಈಸ್ ಎ ಪೆನ್' ಎಂದು ಲೇಖನಿಯನ್ನು ಎತ್ತಿ ತೋರಿಸಿದ ಉಪಾಧ್ಯಾಯರನ್ನು ನಮ್ಮ ಹಿರಿಯರು ಕಂಡಿದ್ದಾರೆ; ನಮ್ಮಲ್ಲಿ ಅನೇಕರು ಹಾಗೆಯೇ ಕಲಿತವರು.

ಈ ಪದ್ಧತಿಯನ್ನು ಸಾವಿರಾರು ಅಧ್ಯಾಪಕರಿಗೆ ತಲುಪಿಸುವುದು ಹೇಗೆ? ಅದಕ್ಕೆ ಕಂಡುಹಿಡಿದ ದಾರಿಗೆ 'ಮದರಾಸಿನ ಹಿಮದುಂಡೆ' ಎಂದು ಹೆಸರಾಯಿತು. ಕೆಲವರನ್ನು ಮೊದಲು ಚೆನ್ನಾಗಿ ತರಬೇತುಗೊಳಿಸುವುದು, ಅವರು ತಮ್ಮ ತಮ್ಮ ಕಡೆಗೆ ಹೋಗಿ ಇನ್ನಷ್ಟು ಮಂದಿಗೆ ಕಲಿಸುವುದು, ಹೀಗೆ ಉರುಳುತ್ತ ಉರುಳುತ್ತ ಉಂಡೆ ದೊಡ್ಡದಾಗುವುದು. ಡಿ. ಎ. ಸ್ಮಿತ್ ಎಂಬವರು ೧೯೬೨ರಲ್ಲಿ ಈ ಬಗ್ಗೆ ಬರೆದ ಪ್ರಬಂಧದ ಶಿರೋನಾಮೆಯಲ್ಲಿಯೇ ಅದರ ಪ್ರಮಾಣ ಸೂಚಿತವಾಗಿದೆ: ಆರಂಭಿಕ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ೨೭,೦೦೦ ಅಧ್ಯಾಪಕರಿಗೆ ಮರುತರಬೇತಿ ನೀಡುವ ಯತ್ನ ಅದು. ಹೊಸೂರು, ತಾಳವಾಡಿ, ನೀಲಗಿರಿಗಳು ಆಗಲೂ ಆ ರಾಜ್ಯದೊಳಗೇ ಇದ್ದವು. ಕಾಸರಗೋಡು ೧೯೫೬ರ ನವೆಂಬರ್ ೧ರವರೆಗೆ ಅದೇ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಹೀಗಾಗಿ ಈ ಕಥೆ ನಮಗೆ ದೂರದ್ದಲ್ಲ.

ವ್ಯಾಕರಣದ ಸೂತ್ರವನ್ನು ಉರುಹೊಡೆಸಿ ಪದಕ್ಕೆ ಪದ ಭಾಷಾಂತರ ಮಾಡಿಸುತ್ತಿದ್ದ ಕಾಲದಲ್ಲಿ ಮಗುವಿನ ಬಾಯಿಂದ ಒಂದು ಪೂರ್ಣ ವಾಕ್ಯ ಹೊರಡುವಂತೆ ಮಾಡಲು ಹೊರಟದ್ದು ಸಾಮಾನ್ಯ ಸಾಹಸವಲ್ಲ. ಅಷ್ಟನ್ನು ಒಪ್ಪಿಕೊಂಡೇ ಅದರ ಮೂಲದೋಷವನ್ನು ಹೇಳಬೇಕು. ಕೈಯಿಂದ ಕೈಗೆ ಸಾಗುವಾಗ ಪದ್ಧತಿಯ ಹೊರರೂಪ ಮಾತ್ರ ಸಾಗುತ್ತದೆ; ಅದರ ಹಿಂದಿನ ಕಾರಣ ಹಿಂದೆಯೇ ಉಳಿಯುತ್ತದೆ. ಮೊದಲನೆಯವನಿಗೆ ಏಕೆ ಎಂಬುದು ಗೊತ್ತಿರುತ್ತದೆ, ಎರಡನೆಯವನಿಗೆ ಹೇಗೆ ಎಂಬುದು ಗೊತ್ತಿರುತ್ತದೆ, ಮೂರನೆಯವನ ಕೈಗೆ ಬರುವುದು ಏನು ಎಂಬುದರ ಪಟ್ಟಿ ಮಾತ್ರ. ನೀಲಗಿರಿಯ ಬಂಧುಗಳು ಚಳಿಗಾಲದಲ್ಲಿ ಕಾಣುವ ಹೆಪ್ಪುಗಟ್ಟಿದ ಇಬ್ಬನಿಯನ್ನು ಬಿಟ್ಟರೆ ಹಿಮವೆಂಬುದು ನಮ್ಮ ಸೀಮೆಗೆ ಅಪರಿಚಿತ. ನಮ್ಮ ಬಿಸಿಲಿನಲ್ಲಿ ಹಿಮದುಂಡೆ ಉರುಳಿದಂತೆ ಬೆಳೆಯುವುದಕ್ಕಿಂತ ಕರಗುವುದೇ ಹೆಚ್ಚು.

ಇದು ಅಂದಿನ ಮಾತಾಗಿಯೇ ಉಳಿದಿದ್ದರೆ ಇಲ್ಲಿ ಎತ್ತಬೇಕಾಗಿರಲಿಲ್ಲ. ೨೦೧೯ರ ಆಗಸ್ಟಿನಲ್ಲಿ ಆರಂಭವಾದ 'ನಿಷ್ಠಾ' ಎಂಬ ರಾಷ್ಟ್ರೀಯ ತರಬೇತಿ ಯೋಜನೆಯು ಸುಮಾರು ೪೨ ಲಕ್ಷ ಪ್ರಾಥಮಿಕ ಹಂತದ ಶಿಕ್ಷಕರನ್ನು ಮುಟ್ಟುವ ಗುರಿ ಇಟ್ಟುಕೊಂಡಿತ್ತು. ಸಂಪನ್ಮೂಲ ವ್ಯಕ್ತಿಗಳನ್ನು ಮೊದಲು ಸಿದ್ಧಪಡಿಸಿ ಅವರ ಮೂಲಕ ಉಳಿದವರನ್ನು ತಲುಪುವುದೇ ಅದರ ಕ್ರಮವೂ ಆಗಿತ್ತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಿಕ್ಷಕನೂ ವರ್ಷಕ್ಕೆ ಕನಿಷ್ಠ ೫೦ ಗಂಟೆಗಳ ವೃತ್ತಿವಿಕಾಸದಲ್ಲಿ ಭಾಗಿಯಾಗಬೇಕೆಂದು ಹೇಳುತ್ತದೆ. ಗಂಟೆಗಳ ಲೆಕ್ಕ ಸರಿಯೇ. ಆ ೫೦ ಗಂಟೆಗಳ ಕೊನೆಗೆ ಅಧ್ಯಾಪಕನ ಕೈಯಲ್ಲಿ ಏನು ಉಳಿಯುತ್ತದೆ ಎಂಬುದು ಬೇರೆಯೇ ಲೆಕ್ಕ.

೩

ಕೈಯಲ್ಲಿ ಉಳಿಯುವುದೇನು ಎಂಬ ಈ ಅಳತೆಗೋಲು ನನ್ನದಲ್ಲ, ವೆಸ್ಟರದು. ಅವರು ಅಂದಿನ ಬಂಗಾಳದ ಢಾಕಾದಲ್ಲಿ ಬಹುಕಾಲ ಶಿಕ್ಷಣ ಕ್ಷೇತ್ರದಲ್ಲಿ ದುಡಿದವರು. ೧೯೨೬ರಲ್ಲಿ ಪ್ರಕಟವಾದ ತಮ್ಮ 'ಬೈಲಿಂಗ್ವಲಿಸಮ್' ಎಂಬ ಗ್ರಂಥದಲ್ಲಿ ಅವರು ವಿಮೆಯವರ ಒಂದು ಮಾತನ್ನು ಶಿಕ್ಷಣಕ್ಕೆ ತಂದರು. ವಿಮೆಯ ಕಂತನ್ನು ನಡುವೆ ನಿಲ್ಲಿಸಿದವನಿಗೆ 'ಸರೆಂಡರ್ ವ್ಯಾಲ್ಯೂ' ಎಂದು ಒಂದಷ್ಟು ಹಣ ಮರಳುತ್ತದೆ. ಹಾಗೆಯೇ ನಡುವೆ ಶಾಲೆ ಬಿಟ್ಟ ಹುಡುಗನಿಗೆ, ಅವನು ಅಲ್ಲಿಯವರೆಗೆ ಕಲಿತ ಇಂಗ್ಲಿಷಿನಿಂದ ಮರಳುವುದೇನು ಎಂದು ಅವರು ಕೇಳಿದರು. ಎಲ್ಲರೂ ಕೊನೆಯ ಪರೀಕ್ಷೆಯವರೆಗೆ ಓದುತ್ತಾರೆಂದು ಭಾವಿಸಿ ಪಾಠಕ್ರಮವನ್ನು ಕಟ್ಟಿದರೆ ನಡುವೆ ಬಿಟ್ಟವರಿಗೆಲ್ಲ ನಷ್ಟವೇ. ಓದುವ ಶಕ್ತಿಯನ್ನು ಮೊದಲು ಕೊಟ್ಟರೆ ಎರಡೇ ವರ್ಷ ಕಲಿತವನಿಗೂ ಒಂದಷ್ಟು ದಕ್ಕುತ್ತದೆಂಬುದು ಅವರ ವಾದ.

೧೯೬೦ರ ಗ್ರಂಥವು ಗಾತ್ರದಲ್ಲಿ ಚಿಕ್ಕದು. ಅದರ ಹೆಚ್ಚುಗಾರಿಕೆಯೆಂದರೆ ಅದು ಇದ್ದುದನ್ನು ಇದ್ದಂತೆ ಕಂಡು ಬರೆದದ್ದು. ಮೂವತ್ತು, ನಲವತ್ತು, ಐವತ್ತು ಮಕ್ಕಳು, ಕದಲಿಸಲಾಗದ ಬೆಂಚುಗಳು, ಒಂದೇ ತರಗತಿಯಲ್ಲಿ ಮುಂದಿದ್ದವರೂ ಹಿಂದಿದ್ದವರೂ ಬೆರೆತ ಗುಂಪು, ಸೆಖೆ, ತಾನೇ ಇಂಗ್ಲಿಷನ್ನು ಸರಾಗವಾಗಿ ಮಾತಾಡಲಾರದ ಅಧ್ಯಾಪಕ. ಪರದೇಶದ ಹತ್ತು ಹನ್ನೆರಡು ಮಕ್ಕಳ ತರಗತಿಯನ್ನು ಕಣ್ಣ ಮುಂದಿಟ್ಟುಕೊಂಡು ಬರೆದ ಪುಸ್ತಕಗಳನ್ನು ಓದಿ ನಾಚಿಕೆಪಟ್ಟ ಉಪಾಧ್ಯಾಯನಿಗೆ ಇಲ್ಲಿ ತನ್ನ ಕೊಠಡಿಯೇ ಕಾಣುತ್ತದೆ. ಅವರು ಕೊಡುವ ಪರಿಹಾರವೂ ನೇರವಾದದ್ದು: ತರಗತಿ ದೊಡ್ಡದಾದಷ್ಟೂ, ಅಡಚಣೆ ಹೆಚ್ಚಿದಷ್ಟೂ ಅಧ್ಯಾಪಕನು ಕಲಿಸುವುದಕ್ಕಿಂತ ಮಗು ಕಲಿಯುವುದರ ಮೇಲೆ ಭಾರ ಹಾಕಬೇಕು. ಅಧ್ಯಾಪಕನ ಮಾತು ಕಡಿಮೆಯಾಗಿ ಮಗುವಿನ ಓದು, ಮಗುವಿನ ಮಾತು ಹೆಚ್ಚಬೇಕು.

ಆದರೆ ಗ್ರಂಥದ ಹೆಸರಿನಲ್ಲಿಯೇ ಒಂದು ತೊಡಕಿದೆ. 'ಕಷ್ಟದ ಸಂದರ್ಭ' ಎನ್ನುವಾಗ ಸುಖದ ಸಂದರ್ಭವೊಂದು ಬೇರೆಲ್ಲೋ ಇದೆ, ಅದೇ ಸಹಜ, ನಮ್ಮದು ಅದರಿಂದ ಜಾರಿದ್ದು ಎಂಬ ಧ್ವನಿ ಬರುತ್ತದೆ. ಅಧ್ಯಾಪಕನ ಅರೆಬರೆ ಇಂಗ್ಲಿಷನ್ನು ವೆಸ್ಟರು ಕೊರತೆಯ ಪಟ್ಟಿಯಲ್ಲಿ ಸೇರಿಸಿದರು. ಆ ಅಧ್ಯಾಪಕನು ಬಲ್ಲ ಉಳಿದ ಭಾಷೆಗಳನ್ನು ಆಸ್ತಿಯ ಪಟ್ಟಿಯಲ್ಲಿ ಸೇರಿಸುವುದು ಅವರ ವಿಚಾರದ ಕೇಂದ್ರಕ್ಕೆ ಬರಲಿಲ್ಲ. ಈ ಮಾತನ್ನು ಮುಂದೆ ವಿಸ್ತರಿಸುತ್ತೇನೆ. ಸದ್ಯಕ್ಕೆ ಅವರ ಅಳತೆಗೋಲನ್ನು ಮಕ್ಕಳಿಂದ ಅಧ್ಯಾಪಕರ ಕಡೆಗೆ ತಿರುಗಿಸಿ ಇಟ್ಟುಕೊಳ್ಳೋಣ: ತರಬೇತಿ ಮುಗಿಸಿ ಶಾಲೆಗೆ ಮರಳಿದ ಉಪಾಧ್ಯಾಯನಿಗೆ ಆ ತರಬೇತಿಯಿಂದ ಮರಳುವ ಮೊತ್ತವೆಷ್ಟು?

೪

ಪ್ರಭು ಅವರ ಗ್ರಂಥವು ೧೯೭೯ರಿಂದ ೧೯೮೪ರವರೆಗೆ ದಕ್ಷಿಣ ಭಾರತದ ಕೆಲವೇ ಶಾಲೆಗಳಲ್ಲಿ ನಡೆದ ಪ್ರಯೋಗದ ವರದಿ ಮತ್ತು ಅದರ ತತ್ತ್ವದ ವಿವೇಚನೆ. 'ಬೆಂಗಳೂರು ಯೋಜನೆ' ಎಂದು ಅದು ಹೊರದೇಶಗಳಲ್ಲಿ ಪ್ರಸಿದ್ಧವಾಯಿತು. ಬೆಂಗಳೂರಿನಲ್ಲಿ ೧೯೬೩ರಲ್ಲಿ ಸ್ಥಾಪಿತವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಶ್ರಯವೂ ಆ ಪ್ರಯೋಗಕ್ಕಿತ್ತು. ಪ್ರಭು ಅವರಾಗ ಮದರಾಸಿನ ಬ್ರಿಟಿಷ್ ಕೌನ್ಸಿಲಿನಲ್ಲಿದ್ದರು. ಹಿಮದುಂಡೆಯ ಮೂಲಕ ಹರಡಿದ ಆ ವಾಕ್ಯದ ಅಚ್ಚಿನ ಪದ್ಧತಿಯಿಂದ ಉಂಟಾದ ಅತೃಪ್ತಿಯೇ ಪ್ರಯೋಗದ ಮೂಲ. ತರಗತಿಯಲ್ಲಿ ತಪ್ಪಿಲ್ಲದೆ ವಾಕ್ಯ ಹೇಳಿದ ಮಗು ಹೊರಗೆ ಬಂದೊಡನೆ ಅದನ್ನು ಬಳಸಲಾರದು. ಇದನ್ನು ನಾವೆಲ್ಲರೂ ಕಂಡಿದ್ದೇವೆ.

ಪ್ರಭು ಅವರ ಸಿದ್ಧಾಂತವನ್ನು ಹೀಗೆ ಸಂಗ್ರಹಿಸಬಹುದು: ಮನಸ್ಸು ಅರ್ಥದಲ್ಲಿ ಮುಳುಗಿರುವಾಗ ಭಾಷೆಯ ವ್ಯಾಕರಣ ತಾನಾಗಿ ಒಳಗೆ ಬೇರೂರುತ್ತದೆ. ಆದುದರಿಂದ ಮಗುವಿಗೆ ವಾಕ್ಯವನ್ನು ಕೊಡಬೇಡಿ, ಯೋಚಿಸಿ ಬಿಡಿಸಬೇಕಾದ ಒಂದು ಕೆಲಸವನ್ನು ಕೊಡಿ. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ, ವಯಸ್ಸಿನ ಲೆಕ್ಕ, ಶಾಲೆಯ ಟೈಮ್‌ಟೇಬಲ್ಲು ಇಂಥವೇ ಅವರ ಸಾಮಗ್ರಿ. ಮೊದಲು ಅಂಥದೇ ಒಂದು ಕೆಲಸವನ್ನು ಅಧ್ಯಾಪಕನು ಇಡೀ ತರಗತಿಯೊಂದಿಗೆ ಪ್ರಶ್ನೋತ್ತರದ ಮೂಲಕ ಮಾಡಿ ತೋರಿಸುತ್ತಾನೆ. ಬಳಿಕ ಅದೇ ಬಗೆಯ ಇನ್ನೊಂದನ್ನು ಪ್ರತಿಯೊಂದು ಮಗುವೂ ಸ್ವಂತವಾಗಿ ಮಾಡುತ್ತದೆ. ಕೆಲಸ ಎಷ್ಟು ಕಠಿನವಾಗಿರಬೇಕು? ತರಗತಿಯ ಅರ್ಧದಷ್ಟು ಮಕ್ಕಳಾದರೂ ಕೆಲಸದ ಅರ್ಧವನ್ನಾದರೂ ಸರಿಯಾಗಿ ಮಾಡುವಂತಿರಬೇಕು. ಯಾವ ಯಂತ್ರವೂ ಬೇಡದ, ಯಾವ ಉಪಾಧ್ಯಾಯನೂ ಸೀಮೆಸುಣ್ಣ ಹಿಡಿದು ಲೆಕ್ಕ ಹಾಕಬಹುದಾದ ಅಳತೆ ಇದು. ಇನ್ನೊಂದು ಮುಖ್ಯ ಸಂಗತಿ: ಮಗು ತನ್ನ ಮಾತೃಭಾಷೆಯಲ್ಲಿ ಯೋಚಿಸುವುದಕ್ಕಾಗಲಿ ಪಕ್ಕದವನೊಡನೆ ಮಾತಾಡುವುದಕ್ಕಾಗಲಿ ಅಲ್ಲಿ ನಿಷೇಧವಿರಲಿಲ್ಲ.

ಇದನ್ನು ನಾಲ್ಕನೆಯ ತರಗತಿಯಲ್ಲಿ ನಾನೇ ಮಾಡಿ ನೋಡಿದೆ. ನಮ್ಮ ಊರಿನ ಕಟ್ಟೆಯಿಂದ ಮಂಗಳೂರಿಗೆ ಹೋಗುವ ನಾಲ್ಕು ಬಸ್ಸುಗಳ ಹೊತ್ತನ್ನು ಹಲಗೆಯ ಮೇಲೆ ಬರೆದು, ಹನ್ನೊಂದು ಗಂಟೆಗೆ ಆಸ್ಪತ್ರೆಯಲ್ಲಿರಬೇಕಾದ ಅಜ್ಜಿ ಯಾವ ಬಸ್ಸು ಹಿಡಿಯಬೇಕು ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಮಕ್ಕಳು ತುಳುವಿನಲ್ಲಿ ಜಗಳಾಡಿದರು, ಕನ್ನಡದಲ್ಲಿ ಲೆಕ್ಕ ಹಾಕಿದರು. ಅಜ್ಜಿಗೆ ನಡೆಯಲು ಹೊತ್ತು ಬೇಕಲ್ಲ, ಅದಕ್ಕೂ ಮುಂಚಿನ ಬಸ್ಸೇ ಆಗಬೇಕು ಎಂದಳು ಹಿಂದಿನ ಸಾಲಿನ ಹುಡುಗಿಯೊಬ್ಬಳು. ಕೊನೆಗೆ ಉತ್ತರ ಇಂಗ್ಲಿಷಿನಲ್ಲಿ ಬಂತು. ಎರಡು ತಪ್ಪುಗಳೂ ಅದರೊಳಗಿದ್ದವು. ಆದರೆ ಅದು ಅವಳದೇ ವಾಕ್ಯ. ಪುಸ್ತಕದ ವಾಕ್ಯವನ್ನು ಹೇಳುವಾಗ ಆ ಮುಖದಲ್ಲಿ ನಾನು ಕಾಣದಿದ್ದ ಕಳೆಯನ್ನು ಅಂದು ಕಂಡೆ.

ಹಾಗೆಂದು ಗ್ರಂಥವನ್ನು ತಲೆಯ ಮೇಲೆ ಹೊತ್ತು ಕುಣಿಯಬೇಕಾಗಿಲ್ಲ. ಮೊದಲನೆಯದಾಗಿ, ಅಲ್ಲಿನ ಮಕ್ಕಳು ಎಂಟು ವಯಸ್ಸು ದಾಟಿದವರು; ತರ್ಕದ ಕೆಲಸ ಅವರಿಗೆ ಒಗ್ಗುತ್ತದೆ. ಒಂದನೆಯ ತರಗತಿಯ ಮಗುವಿಗೆ ವೇಳಾಪಟ್ಟಿಯ ರುಚಿ ಹತ್ತದು. ಅದು ಹಾಡಿನಲ್ಲಿ, ಆಟದಲ್ಲಿ, ಕುಣಿತದಲ್ಲಿ, ಒಂದೇ ಕಥೆಯನ್ನು ಹತ್ತು ಸಲ ಕೇಳುವುದರಲ್ಲಿ ಕಲಿಯುತ್ತದೆ. ಈ ವಯಸ್ಸಿನವರ ಮಟ್ಟಿಗೆ ಗ್ರಂಥದ ತತ್ತ್ವ ಉಪಯುಕ್ತ, ಸಾಮಗ್ರಿ ಅನುಪಯುಕ್ತ. ಎರಡನೆಯದಾಗಿ, ಗುಂಪುಕೆಲಸವನ್ನು ಪ್ರಭು ಅವರು ಒಪ್ಪಲಿಲ್ಲ. ಅರೆಬರೆ ಇಂಗ್ಲಿಷಿನವರು ಒಬ್ಬರೊಡನೊಬ್ಬರು ಆಡಿದರೆ ಆ ಅರೆಬರೆ ರೂಪವೇ ಗಟ್ಟಿಯಾದೀತೆಂಬುದು ಅವರ ಭಯ. ಎರಡು ಮೂರು ತರಗತಿಗಳನ್ನು ಒಂದೇ ಕೊಠಡಿಯಲ್ಲಿ ಕೂಡಿಸಿಕೊಂಡಿರುವ ನಮ್ಮ ಚಿಕ್ಕ ಶಾಲೆಗಳಲ್ಲಿ ದೊಡ್ಡವನು ಚಿಕ್ಕವನಿಗೆ ಹೇಳಿಕೊಡದೆ ದಿನ ಕಳೆಯದು. ಅಲ್ಲಿ ಈ ನಿಷ್ಠುರತೆ ನಡೆಯಲಾರದು.

೫

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗುರುತರವಾದದ್ದು. ತರಬೇತಿಯ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ ಅವರು ೧೯೮೫ರಲ್ಲಿ ಪ್ರಯೋಗದ ಮೌಲ್ಯಮಾಪನವನ್ನು ಪ್ರಕಟಿಸಿದರು. ಪ್ರಯೋಗದ ಮಕ್ಕಳ ಫಲಿತಾಂಶ ಒಟ್ಟಿನಲ್ಲಿ ಪ್ರೋತ್ಸಾಹಕರವಾಗಿಯೇ ಇತ್ತು. ಆದರೂ ಅವರು ಎಚ್ಚರಿಕೆಯ ಮಾತುಗಳನ್ನೂ ಜೊತೆಗೆ ಹೇಳಿದರು. ೧೯೯೦ರಲ್ಲಿ ಬೆರೆಟ್ಟಾ ಅವರು ಇನ್ನೊಂದು ಪ್ರಶ್ನೆಯನ್ನು ಎತ್ತಿದರು: ಆ ಯೋಜನೆಯನ್ನು ಅಧ್ಯಾಪಕರು ನಿಜವಾಗಿ ಎಷ್ಟರ ಮಟ್ಟಿಗೆ ಮೈಗೂಡಿಸಿಕೊಂಡರು? ಯೋಜನೆಯನ್ನು ರೂಪಿಸುವುದರಲ್ಲಿ ಕೈಯಿದ್ದವರು ಅದನ್ನು ಬಲ್ಲವರಾದರು. ಆಯಾ ಶಾಲೆಯ ಸಾಮಾನ್ಯ ಅಧ್ಯಾಪಕರ ಪೈಕಿ ಹೆಚ್ಚಿನವರು ಮೊದಲ ಮೆಟ್ಟಿಲಿನಲ್ಲಿಯೇ ಉಳಿದರು. ಅವರಿಗೆ ಅದು ಹೊರಗಿನಿಂದ ಬಂದ ಇನ್ನೊಂದು ಪದ್ಧತಿಯಾಗಿಯೇ ಉಳಿಯಿತು.

ಇಲ್ಲಿ ತಪ್ಪು ಸಾಮಾನ್ಯ ಅಧ್ಯಾಪಕರದೆಂದು ಷರಾ ಬರೆದು ಮುಗಿಸುವುದು ಸುಲಭ. ನಾನು ಅದನ್ನು ಒಪ್ಪಲಾರೆ. ಹುಟ್ಟಿಸಿದವರಿಗೆ ದಕ್ಕಿದ್ದು ಪಡೆದವರಿಗೆ ದಕ್ಕಲಿಲ್ಲವೆಂದರೆ, ಅಧ್ಯಾಪಕನನ್ನು ಬೆಳೆಸುವುದು ಪದ್ಧತಿಯಲ್ಲ, ಪದ್ಧತಿಯನ್ನು ಹುಡುಕುವ ಕೆಲಸ ಎಂದೇ ಅರ್ಥ. ಒಳ್ಳೆಯ ಪದ್ಧತಿಯಾದರೂ ಸಿದ್ಧವಾಗಿ ಕೈಗೆ ಬಂದರೆ ಹಿಮದುಂಡೆಯ ಗತಿಯೇ ಅದಕ್ಕೂ.

ಸಂತೋಷದ ಸಂಗತಿಯೆಂದರೆ ಈ ಮಾತಿಗೆ ಬಲವಾದ ಆಧಾರ ದೊರೆಯುವುದು ಪ್ರಭು ಅವರಿಂದಲೇ. ಅದೇ ೧೯೯೦ರಲ್ಲಿ ಅವರು 'ಸರ್ವೋತ್ತಮ ಪದ್ಧತಿ ಎಂಬುದಿಲ್ಲ, ಏಕೆ?' ಎಂಬರ್ಥದ ಶಿರೋನಾಮೆಯ ಪ್ರಬಂಧವೊಂದನ್ನು ಬರೆದರು. ಸ್ವಂತ ಪದ್ಧತಿಯಿಂದ ಹೆಸರಾದವರು ಯಾವ ಪದ್ಧತಿಯೂ ಸರ್ವೋತ್ತಮವಲ್ಲವೆಂದು ವಾದಿಸಿದ್ದು ದೊಡ್ಡ ಮನಸ್ಸಿನ ಲಕ್ಷಣ. ಅವರ ವಾದದ ತಿರುಳು ಇಷ್ಟು: ಪಾಠ ಹೇಗೆ ಕಲಿಕೆಯಾಗುತ್ತದೆ ಎಂಬ ಬಗ್ಗೆ ಪ್ರತಿಯೊಬ್ಬ ಅಧ್ಯಾಪಕನಿಗೂ ತನ್ನ ಅನುಭವದಿಂದ ಬಂದ ಒಂದು ಅರಿವಿರುತ್ತದೆ. 'ಸೆನ್ಸ್ ಆಫ್ ಪ್ಲಾಸಿಬಿಲಿಟಿ' ಎಂದು ಅವರು ಅದನ್ನು ಕರೆದರು. ನಾವು 'ಮನಗಾಣ್ಕೆ' ಎನ್ನೋಣ. ತಾನು ಮನಗಂಡದ್ದನ್ನು ಮಾಡುವ ಅಧ್ಯಾಪಕನ ಪಾಠದಲ್ಲಿ ಜೀವವಿರುತ್ತದೆ. ಬರಿಯ ರೂಢಿಯಿಂದ ಯಾಂತ್ರಿಕವಾಗಿ ನಡೆಯುವ ಪಾಠವೇ ನಿಜವಾದ ಶತ್ರು, ಅದು ಯಾವ ಪದ್ಧತಿಯದಾದರೂ ಸರಿ. ಮನಗಾಣ್ಕೆಯು ಎಚ್ಚರವಾಗಿದ್ದು, ಇತರರ ಮನಗಾಣ್ಕೆಯೊಡನೆ ತಾಗಿ ತಿಕ್ಕಿ, ಬದಲಾಗುತ್ತ ಹೋಗಬೇಕು.

ಈ ಪ್ರಬಂಧವನ್ನು ಓದಿದಾಗ ನನಗೆ ನೆನಪಾದದ್ದು ಕೆಲವು ವರ್ಷಗಳ ಹಿಂದೆ ಭಾಗವಹಿಸಿದ ಐದು ದಿನಗಳ ಶಿಬಿರ. ಸಂಪನ್ಮೂಲ ವ್ಯಕ್ತಿಗಳು ಸಜ್ಜನರು, ಶ್ರಮಜೀವಿಗಳು. ಚಟುವಟಿಕೆಗಳಿದ್ದವು, ಹಾಡುಗಳಿದ್ದವು, ಬಣ್ಣದ ಕಾಗದಗಳಿದ್ದವು. ವಿವರಣೆಯೆಲ್ಲ ರಾಜ್ಯಭಾಷೆಯಲ್ಲಿತ್ತು; ನಮಗೆ ಅರ್ಥವಾಗುತ್ತಿತ್ತು, ಎದ್ದು ನಿಂತು ಪ್ರಶ್ನೆ ಕೇಳುವಷ್ಟು ನಾಲಗೆ ಹೊರಳುತ್ತಿರಲಿಲ್ಲ. ಕನ್ನಡ ಶಾಲೆಯ ನಾವು ನಾಲ್ವರು ಹಿಂದಿನ ಬೆಂಚಿನಲ್ಲಿ ಕುಳಿತು ಬರೆದುಕೊಂಡೆವು. ಐದು ದಿನಗಳಲ್ಲಿ ನಮ್ಮ ತರಗತಿಯಲ್ಲಿ ಏನಾಗುತ್ತಿದೆ ಎಂದು ಯಾರೂ ನಮ್ಮನ್ನು ಕೇಳಲಿಲ್ಲ. ಸೋಮವಾರ ಶಾಲೆಗೆ ಬಂದು ಹಾಡನ್ನು ಹಾಡಿಸಿದೆ, ಮಕ್ಕಳು ನಕ್ಕರು. ಎರಡು ವಾರ ಕಳೆಯುವಷ್ಟರಲ್ಲಿ ಹಾಡುಗಳು ತೀರಿದವು. ನಾನು ಹಳೆಯ ದಾರಿಗೆ ಮರಳಿದೆ. ವೆಸ್ಟರ ಲೆಕ್ಕದಲ್ಲಿ ಹೇಳುವುದಾದರೆ, ನನಗೆ ಮರಳಿದ ಮೊತ್ತ ನಾಲ್ಕು ಹಾಡುಗಳು.

೬

ಇನ್ನು ಇವೆರಡೂ ಗ್ರಂಥಗಳಲ್ಲಿ ಬರದ, ಗಡಿನಾಡಿನವರಾದ ನಾವೇ ಬರೆಯಬೇಕಾದ ಅಧ್ಯಾಯದ ಮಾತು. ಕಾಸರಗೋಡಿನ ಮಗುವಿಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲೆಯಾಳ. ಆ ಮೇಲೆ ಇಂಗ್ಲಿಷ್. ನೀಲಗಿರಿಯಲ್ಲಿ ಮನೆಯ ಮಾತು ಬಡಗ. ಹೊಸೂರಿನ ಮಗು ಕನ್ನಡ, ತೆಲುಗು, ತಮಿಳುಗಳ ನಡುವೆ ಆಡುತ್ತದೆ; ಜತ್ತ, ಅಕ್ಕಲಕೋಟೆಗಳ ಮಗು ಕನ್ನಡ ಮರಾಠಿಗಳೆರಡರಲ್ಲೂ ಸಂತೆ ಮಾಡುತ್ತದೆ. ಇದನ್ನು ಹೊರೆಯೆಂದು ಹೇಳುವುದೇ ರೂಢಿ. ಆದರೆ ಒಂದು ಉದಾಹರಣೆಯನ್ನು ನೋಡಿ.

'ಐ ಆಮ್ ಹಂಗ್ರಿ' ಎಂಬ ಚಿಕ್ಕ ವಾಕ್ಯ. ಕನ್ನಡದ ಮಗು 'ನನಗೆ ಹಸಿವಾಗಿದೆ' ಎನ್ನುತ್ತದೆ. ತುಳುವಿನಲ್ಲಿ 'ಎಂಕ್ ಬಡವಾಪುಂಡು', ಮಲೆಯಾಳದಲ್ಲಿ 'ಎನಿಕ್ಕು ವಿಶಕ್ಕುನ್ನು', ತೆಲುಗಿನಲ್ಲಿ 'ನಾಕು ಆಕಲಿ ವೇಸ್ತೋಂದಿ', ಮರಾಠಿಯಲ್ಲಿ 'ಮಲಾ ಭೂಕ ಲಾಗಲೀ ಆಹೆ'. ಇವೆಲ್ಲದರಲ್ಲಿಯೂ ಹಸಿವು 'ನನಗೆ' ಆಗುತ್ತದೆ. ಇಂಗ್ಲಿಷಿನಲ್ಲಿ ಮಾತ್ರ 'ನಾನೇ' ಹಸಿದವನು. ಹಾಗೆಯೇ ಇಂಗ್ಲಿಷಿನ 'ಹ್ಯಾವ್' ಎಂಬ ಕ್ರಿಯಾಪದಕ್ಕೆ ಸಮನಾದದ್ದು ಕನ್ನಡದಲ್ಲಿಲ್ಲ. ಪೆನ್ಸಿಲು 'ನನ್ನ ಹತ್ತಿರ' ಇರುತ್ತದೆ, ತಮ್ಮ 'ನನಗೆ' ಇರುತ್ತಾನೆ. ಮಗು 'ಮೀ ಹಂಗ್ರಿ', 'ಮೈ ನಿಯರ್ ಪೆನ್ಸಿಲ್' ಎಂದಾಗ ಅದು ಮಾಡುವುದು ದಡ್ಡತನವಲ್ಲ. ತಾನು ಬಲ್ಲ ಭಾಷೆಗಳೆಲ್ಲ ಒಪ್ಪಿದ ನ್ಯಾಯವನ್ನು ಹೊಸ ಭಾಷೆಗೂ ಅನ್ವಯಿಸುತ್ತದೆ. ಇದನ್ನು ಬಲ್ಲ ಅಧ್ಯಾಪಕನು ಬೈಯುವುದಿಲ್ಲ. ಎರಡು ವಾಕ್ಯಗಳನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆದು, ಹಸಿವು ಎಲ್ಲಿ ಕುಳಿತಿದೆ ನೋಡು ಎಂದು ತೋರಿಸುತ್ತಾನೆ.

ಇನ್ನೊಂದು, ಅಕ್ಷರದ ವಿಷಯ. ನಮ್ಮಲ್ಲಿ ಅಕ್ಷರದ ಹೆಸರೂ ಉಚ್ಚಾರವೂ ಒಂದೇ. 'ಕ' ಎಂಬುದರ ಹೆಸರು 'ಕ'. ಇಂಗ್ಲಿಷಿನಲ್ಲಿ 'ಸಿ', 'ಎ', 'ಟಿ' ಎಂಬ ಮೂರು ಹೆಸರುಗಳನ್ನು ಎಷ್ಟು ವೇಗವಾಗಿ ಹೇಳಿದರೂ 'ಕ್ಯಾಟ್' ಆಗುವುದಿಲ್ಲ. ಕನ್ನಡ ಓದಲು ಬಂದ ಮಗು ಇಲ್ಲಿ ಕಕ್ಕಾಬಿಕ್ಕಿಯಾಗುವುದು ಸಹಜ. ಆದರೆ ಅಕ್ಷರ ಉಲಿಯ ಗುರುತು ಎಂಬ ಮೂಲಪಾಠವನ್ನು ಕನ್ನಡವು ಅದಕ್ಕಾಗಲೇ ಕಲಿಸಿದೆ. ಮೊದಲು ಉಲಿಯನ್ನು ಕೊಟ್ಟು ಹೆಸರನ್ನು ಆಮೇಲೆ ಕೊಟ್ಟರೆ ಕನ್ನಡದ ಓದೇ ಇಂಗ್ಲಿಷಿನ ಓದಿಗೆ ಏಣಿಯಾಗುತ್ತದೆ. ಕನ್ನಡದಲ್ಲಿ ಸರಾಗವಾಗಿ ಓದುವ ಮಗು ಇಂಗ್ಲಿಷನ್ನು ಬೇಗ ಹಿಡಿಯುವುದನ್ನು ನಾವು ಪ್ರತಿವರ್ಷವೂ ಕಾಣುತ್ತೇವೆ. ಮನೆಯ ಬಾಗಿಲಲ್ಲಿ ನಿಂತ ತಾಯಿಗೆ ಹೇಳಬೇಕಾದ ಉತ್ತರವೂ ಇದೇ: "ಅಮ್ಮಾ, ಕನ್ನಡ ಚೆನ್ನಾಗಿ ಕಲಿಸುತ್ತೇವೆ, ಅದರ ಬಲದಿಂದಲೇ ಇಂಗ್ಲಿಷನ್ನೂ ಕಲಿಸುತ್ತೇವೆ." ಆದರೆ ಈ ಉತ್ತರ ಬರಿಯ ಬಾಯಿಮಾತಾಗಿ ಉಳಿದರೆ ಮುಂದಿನ ಜೂನಿನಲ್ಲಿ ಅವಳ ಎರಡನೆಯ ಮಗು ನಮ್ಮ ಶಾಲೆಗೆ ಬರುವುದಿಲ್ಲ.

ಇಂಥ ಅರಿವು ದೂರದಿಂದ ಬರುವ ತರಬೇತಿಯಲ್ಲಿ ದೊರೆಯದು. ಅದು ಗಡಿನಾಡಿನ ಅಧ್ಯಾಪಕನಲ್ಲಿ ಚದುರಿಹೋಗಿರುವ ಮನಗಾಣ್ಕೆ. ಮೂರು ಭಾಷೆ ಬಲ್ಲ ಉಪಾಧ್ಯಾಯನು ತನ್ನ ಇಂಗ್ಲಿಷ್ ಉಚ್ಚಾರಕ್ಕೆ ನಾಚಿ ಹಿಂದಿನ ಬೆಂಚಿನಲ್ಲಿ ಕೂರುತ್ತಾನೆ. ಅವನ ಉಳಿದ ಭಾಷೆಗಳೇ ಅವನ ಬಂಡವಾಳವೆಂದು ಅವನಿಗೆ ಯಾರೂ ಹೇಳಿಲ್ಲ. ವೆಸ್ಟರ ಪಟ್ಟಿಯಲ್ಲಿ ಬಿಟ್ಟುಹೋದ ಆಸ್ತಿ ಎಂದು ಮೇಲೆ ನಾನು ಸೂಚಿಸಿದ್ದು ಇದನ್ನೇ.

೭

ಹಾಗಾದರೆ ಮಾಡಬೇಕಾದದ್ದೇನು? ಸರಕಾರದ ತರಬೇತಿಗಳನ್ನು ತಿರಸ್ಕರಿಸಬೇಕೆಂದು ನನ್ನ ವಾದವಲ್ಲ. ಇಂಗ್ಲಿಷನ್ನು ಕಿವಿತುಂಬ ಕೇಳುವ, ಬಾಯಿತುಂಬ ಆಡುವ ಅವಕಾಶ ನಮಗೆ ಬೇಕೇ ಬೇಕು. ಅಧ್ಯಾಪಕನ ಸ್ವಂತ ಭಾಷೆ ಬಡವಾಗಿದ್ದರೆ ಯಾವ ಮನಗಾಣ್ಕೆಯೂ ಅದನ್ನು ತುಂಬಿಕೊಡದು. ಅದನ್ನು ಶಿಬಿರ ಕೊಡಲಿ. ವಿವರಣೆಯ ಹೊತ್ತಿನಲ್ಲಿ ಕನ್ನಡ ಶಾಲೆಯವರಿಗೆ ಕನ್ನಡದಲ್ಲಿ ಪ್ರಶ್ನೆ ಕೇಳುವ ಒಂದು ಗಂಟೆಯನ್ನು ಸಂಘವು ಕೇಳಿ ಪಡೆಯಲಿ.

ಆದರೆ ಉಳಿದ ಅರ್ಧವನ್ನು ನಾವೇ ಮಾಡಿಕೊಳ್ಳಬೇಕು. ಹತ್ತಿರದ ನಾಲ್ಕೈದು ಶಾಲೆಗಳ ಅಧ್ಯಾಪಕರು ತಿಂಗಳಿಗೊಂದು ಶನಿವಾರ ಒಂದೆಡೆ ಸೇರಲಿ. ಭಾಷಣ ಬೇಡ. ಒಬ್ಬರು ತಾವು ಮಾಡಿದ ಒಂದು ಪಾಠವನ್ನು, ಕೆಟ್ಟುಹೋದ ಪಾಠವಾದರೆ ಇನ್ನೂ ಒಳ್ಳೆಯದು, ಇದ್ದಂತೆ ಹೇಳಲಿ. ಮಗು ಏನೆಂದಿತು, ನಾನೇನೆಂದೆ, ಏಕೆ ಹಾಗೆಂದೆ? ಅರ್ಧದಷ್ಟು ಮಕ್ಕಳು ಅರ್ಧದಷ್ಟನ್ನಾದರೂ ಮಾಡಿದರೇ? ಉಳಿದವರು ಪ್ರಶ್ನಿಸಲಿ. ಮಾತು ಕನ್ನಡದಲ್ಲಿ ನಡೆಯಲಿ. ಇಂಗ್ಲಿಷ್ ಪಾಠದ ವಿಚಾರವನ್ನು ಕನ್ನಡದಲ್ಲಿ ಆಡಲು ಬಾರದೆಂಬುದು ಬರಿಯ ಭ್ರಮೆ. ಮಕ್ಕಳ ತಪ್ಪುಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡೋಣ. ಕಾಸರಗೋಡಿನ ನೋಟುಬುಕ್ಕನ್ನು ಜತ್ತದವರೂ, ಜತ್ತದ್ದನ್ನು ತಾಳವಾಡಿಯವರೂ ನೋಡಿದರೆ ಯಾವುದು ಕನ್ನಡದಿಂದ ಬಂದ ತಪ್ಪು, ಯಾವುದು ನೆರೆಭಾಷೆಯಿಂದ ಬಂದದ್ದು, ಯಾವುದು ನಮ್ಮ ಪಾಠದಿಂದಲೇ ಬಂದದ್ದು ಎಂಬುದು ತಿಳಿಯುತ್ತದೆ. ಇಂಥ ಸಂಚಿಕೆಗಳಲ್ಲಿ ಅಚ್ಚಾಗಲು ಇದಕ್ಕಿಂತ ಯೋಗ್ಯವಾದ ಸಂಶೋಧನೆ ಬೇರೆ ಬೇಕಿಲ್ಲ.

ಇದೂ ಇನ್ನೊಂದು ಪದ್ಧತಿಯಾಗಿ ಹಳಸಲಾರದೇ ಎಂದು ಕೇಳುವವರಿದ್ದಾರೆ. ಹಳಸಬಹುದು. ಸೇರಿದವರು ಬರಿಯ ಟೀ ಕುಡಿದು, ಸಹಿ ಹಾಕಿ ಏಳುವ ದಿನ ಇದೂ ಹಳಸಿತೆಂದೇ ತಿಳಿಯಬೇಕು. ಅದಕ್ಕೆ ಮದ್ದು ಒಂದೇ: ಪ್ರತಿ ಸಲವೂ ಒಂದು ನಿಜವಾದ ಪಾಠ, ಒಂದು ನಿಜವಾದ ಮಗುವಿನ ಮಾತು ಮೇಜಿನ ಮೇಲೆ ಇರಬೇಕು.

ವೆಸ್ಟರಿಂದ ಅಳತೆಗೋಲನ್ನೂ ಪ್ರಭು ಅವರಿಂದ ಧೈರ್ಯವನ್ನೂ ತೆಗೆದುಕೊಳ್ಳೋಣ. ಉಳಿದುದು ನಮ್ಮ ತರಗತಿಯಲ್ಲಿಯೇ ಇದೆ. ಮುಂದಿನ ಜೂನಿಗೆ ಬಾಗಿಲಲ್ಲಿ ಅದೇ ಪ್ರಶ್ನೆ ಬಂದೀತು. ಅಷ್ಟರೊಳಗೆ ನಮ್ಮಲ್ಲಿ ಕೆಲವರಾದರೂ ಆ ನೋಟುಬುಕ್ಕನ್ನು ತೆರೆದಿಟ್ಟಿದ್ದರೆ ಈ ಬರಹ ಸಾರ್ಥಕ.